ಗದ್ದಲವೋ ಸಂಗೀತವೋ: ಉಳ್ಳಾಲದ ಒಂದು ತರಗತಿಯಲ್ಲಿ ಬ್ಲಡಿವುಡ್

ಒಂಬತ್ತನೇ ತರಗತಿಯ ವಿಜ್ಞಾನದ ‘ಶಬ್ದ’ ಅಧ್ಯಾಯದಲ್ಲಿ ಸ್ಥಾಯಿ, ಗಟ್ಟಿತನ, ಗುಣ ಎಂಬ ಮೂರು ಲಕ್ಷಣಗಳನ್ನು ವಿವರಿಸಿದ ಮೇಲೆ ಒಂದು ಸಣ್ಣ ಮಾತು ಬರುತ್ತದೆ. ಕಿವಿಗೆ ಹಿತವಾಗುವ ಶಬ್ದ ಸಂಗೀತ, ಹಿತವಾಗದ ಶಬ್ದ ಗದ್ದಲ ಎಂಬುದು ಅದರ ಸಾರಾಂಶ. ಪಾಠ ಯೋಜನೆ ಬರೆಯುವಾಗ ಇಂಥ ಸಾಲಿಗೆ ನಾವು ಎರಡು ನಿಮಿಷ ಮೀಸಲಿಡುತ್ತೇವೆ. ಕೊಳಲಿಗೆ ಒಂದು ಉದಾಹರಣೆ, ವಾಹನದ ಹಾರ್ನಿಗೆ ಒಂದು ಉದಾಹರಣೆ ಕೊಟ್ಟು ಮುಂದಿನ ಉಪಘಟಕಕ್ಕೆ ಹೋಗುತ್ತೇವೆ.

ಬೋಧನಾಭ್ಯಾಸಕ್ಕೆಂದು ಉಳ್ಳಾಲದ ಒಂದು ಪ್ರೌಢಶಾಲೆಗೆ ಹೋದಾಗ ಈ ಸಾಲಿಗೆ ಎರಡು ಅವಧಿಗಳನ್ನೇ ಕೊಡಬೇಕೆಂದು ನನಗೆ ಅನ್ನಿಸಿತು. ಆವೃತ್ತಿ, ಪಾರ, ತರಂಗದೂರ ಇವುಗಳನ್ನು ಅಳೆಯಬಹುದು, ಹಿತವನ್ನು ಯಾವ ಉಪಕರಣದಿಂದ ಅಳೆಯುವುದು? ವ್ಯಾಖ್ಯೆಯಲ್ಲಿ ‘ಕಿವಿ’ ಎಂದಷ್ಟೇ ಇದೆ, ಯಾರ ಕಿವಿ ಎಂದಿಲ್ಲ. ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳದಿದ್ದರೆ ನಾವೇ ಕೇಳಿಸಬೇಕು. ಅದಕ್ಕಾಗಿ ನಾನು ಆರಿಸಿಕೊಂಡ ಸಾಮಗ್ರಿ ದೆಹಲಿಯ ‘ಬ್ಲಡಿವುಡ್’ ಎಂಬ ಮೆಟಲ್ ತಂಡದ ಸಂಗೀತ. ಈ ಆಯ್ಕೆ ನನ್ನ ಮಾರ್ಗದರ್ಶಕ ಉಪನ್ಯಾಸಕರಿಗೂ ಸಹ ಪ್ರಶಿಕ್ಷಣಾರ್ಥಿಗಳಿಗೂ ವಿಚಿತ್ರವಾಗಿ ಕಂಡಿತು. ಆದ್ದರಿಂದ ಆ ತಂಡ ಯಾವುದು, ಅದರ ಸಂಗೀತ ಹೇಗೆ ಕೆಲಸ ಮಾಡುತ್ತದೆ, ತರಗತಿಯಲ್ಲಿ ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರಕಾರದ ಬಗ್ಗೆ. ಹೆವಿ ಮೆಟಲ್ ಸಂಗೀತ ಹುಟ್ಟಿದ್ದು 1970ರ ಆಸುಪಾಸಿನಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಂಥ ಕೈಗಾರಿಕಾ ನಗರಗಳಲ್ಲಿ. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದರ ಒಂದು ಹೊಸ ಕವಲು ಬಂತು. ಬೇಕರ್ಸ್‌ಫೀಲ್ಡಿನ ‘ಕಾರ್ನ್’ ತಂಡದ ಮೊದಲ ಆಲ್ಬಂ 1994ರಲ್ಲಿ ಬಿಡುಗಡೆಯಾಯಿತು. ಹಳೆಯ ಮೆಟಲ್‌ನಲ್ಲಿ ಗಿಟಾರ್ ವಾದಕನ ದೀರ್ಘ ಏಕವ್ಯಕ್ತಿ ಚಮತ್ಕಾರಕ್ಕೆ ದೊಡ್ಡ ಜಾಗವಿತ್ತು. ಹೊಸ ತಂಡಗಳು ಅದನ್ನು ಬದಿಗಿಟ್ಟು ಚಿಕ್ಕ, ಭಾರವಾದ ಗಿಟಾರ್ ಪಲುಕುಗಳನ್ನು ತಾಳವಾದ್ಯದಂತೆ ಮತ್ತೆ ಮತ್ತೆ ನುಡಿಸಿದವು. ಹಾಡಿನ ನಡುವೆ ರ‍್ಯಾಪ್ ಬಂತು, ಪಿಸುಮಾತು ಬಂತು, ಚೀರಾಟವೂ ಬಂತು. ಮನೆಯೊಳಗಿನ ಹಿಂಸೆ, ಶಾಲೆಯಲ್ಲಿ ಅನುಭವಿಸಿದ ಅವಮಾನ, ಖಿನ್ನತೆ ಇವೆಲ್ಲ ಹಾಡಿನ ವಸ್ತುವಾದವು. ಇದಕ್ಕೆ ‘ನು-ಮೆಟಲ್’ ಎಂಬ ಹೆಸರು ಬಿತ್ತು. 2000ರಲ್ಲಿ ಬಂದ ‘ಲಿಂಕಿನ್ ಪಾರ್ಕ್’ ತಂಡದ ‘ಹೈಬ್ರಿಡ್ ಥಿಯರಿ’ ಆಲ್ಬಂ ಈ ಶೈಲಿಯನ್ನು ಜಗತ್ತಿನ ಮೂಲೆಮೂಲೆಗೆ ತಲುಪಿಸಿತು. ನನ್ನ ವಯಸ್ಸಿನ ಅನೇಕರು ಹೈಸ್ಕೂಲಿನಲ್ಲಿದ್ದಾಗ ಮೆಮೊರಿ ಕಾರ್ಡಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡದ್ದು ಇದೇ ಹಾಡುಗಳನ್ನು.

ಕರ್ನಾಟಕಕ್ಕೆ ಮೆಟಲ್ ಹೊಸದಲ್ಲ. ಬೆಂಗಳೂರಿನ ‘ಕ್ರಿಪ್ಟೋಸ್’ ತಂಡ 1998ರಲ್ಲೇ ಆರಂಭವಾಗಿ ಮುಂದೆ ಯುರೋಪಿನ ವೇದಿಕೆಗಳನ್ನು ಏರಿತು. 2007ರ ಮಾರ್ಚಿನಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರಿನಲ್ಲಿ ‘ಮೆಟಾಲಿಕಾ’ ತಂಡಗಳು ಬೆಂಗಳೂರು ಅರಮನೆ ಮೈದಾನದಲ್ಲಿ ಹಾಡಿದವು. ಆದರೆ ಕ್ರಿಪ್ಟೋಸ್‌ನ ಹಾಡುಗಳು ಇಂಗ್ಲಿಷಿನವು, ಅದರ ಶೈಲಿಯ ಬೇರು ಎಂಬತ್ತರ ದಶಕದ ಬ್ರಿಟಿಷ್ ಮೆಟಲ್‌ನಲ್ಲಿದೆ. ನಮ್ಮ ವಾದ್ಯ, ನಮ್ಮ ನುಡಿಗಳನ್ನು ಇಟ್ಟುಕೊಂಡು ಹೊಸ ಸಂಗೀತ ಕಟ್ಟುವ ಕೆಲಸವನ್ನು ಕರ್ನಾಟಕದಲ್ಲಿ ಹೆಚ್ಚಾಗಿ ಮಾಡಿದ್ದು ಜಾನಪದ ರಾಕ್ ಹಾದಿಯವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿದ್ದನ್ನು ನಾವೆಲ್ಲ ಕೇಳಿದ್ದೇವೆ. ಜಾನಪದ ತಾಳವನ್ನು ನು-ಮೆಟಲ್‌ನ ಭಾರದೊಂದಿಗೆ ಕೂಡಿಸಿದವರನ್ನು ಹುಡುಕಿದರೆ ದೆಹಲಿಗೇ ಹೋಗಬೇಕು.

ಬ್ಲಡಿವುಡ್ ಶುರುವಾದದ್ದು 2016ರಲ್ಲಿ. ವಕೀಲಿ ವೃತ್ತಿ ಬಿಟ್ಟು ಬಂದ ಕರಣ್ ಕಟಿಯಾರ್ ಗಿಟಾರ್ ಮತ್ತು ಕೊಳಲು ನುಡಿಸುತ್ತಿದ್ದರು, ಜಯಂತ್ ಭಧುಲಾ ಹಾಡುತ್ತಿದ್ದರು. ಮೊದಲಿಗೆ ಅವರು ಮಾಡಿದ್ದು ತಮಾಷೆ. ಜನಪ್ರಿಯ ಬಾಲಿವುಡ್ ಹಾಗೂ ಪಾಪ್ ಹಾಡುಗಳನ್ನು ಮೆಟಲ್‌ನ ಗರ್ಜನೆಗೆ ತಿರುಗಿಸಿ ಯೂಟ್ಯೂಬಿಗೆ ಹಾಕುತ್ತಿದ್ದರು. ‘ಬಾಲಿವುಡ್’ ಪದವನ್ನು ತಿರುಚಿದ ಹೆಸರೂ ಆ ತಮಾಷೆಯ ಭಾಗವೇ. 2018ರಲ್ಲಿ ರ‍್ಯಾಪ್ ಹಾಡುವ ರಾವುಲ್ ಕೆರ್ ಜೊತೆಯಾದ ಮೇಲೆ ದಿಕ್ಕು ಬದಲಾಯಿತು. ಆ ವರ್ಷದ ‘ಜೀ ವೀರೇ’ ಖಿನ್ನತೆಯ ವಿರುದ್ಧದ ಹೋರಾಟದ ಹಾಡು. 2019ರ ‘ಎಂಡ್ಯುರಂಟ್’ ಶಾಲೆ, ಕಾಲೇಜುಗಳಲ್ಲಿ ಬಲವುಳ್ಳವರು ಬಲವಿಲ್ಲದವರಿಗೆ ಕೊಡುವ ಕಿರುಕುಳದ ಬಗ್ಗೆ.

ಈ ತಂಡದ ಬೆಳವಣಿಗೆಯಲ್ಲಿ ನನಗೆ ಕುತೂಹಲ ಹುಟ್ಟಿಸಿದ ಅಂಶ ಅದರ ಕ್ರಮ. ಸಾಮಾನ್ಯವಾಗಿ ತಂಡವೊಂದು ಊರಿನ ಚಿಕ್ಕ ವೇದಿಕೆಯಿಂದ ದೊಡ್ಡ ವೇದಿಕೆಗೆ, ಅಲ್ಲಿಂದ ಹೊರದೇಶಕ್ಕೆ ಹೋಗುತ್ತದೆ. ಬ್ಲಡಿವುಡ್ ಮನೆಯಲ್ಲೇ ಧ್ವನಿಮುದ್ರಿಸಿ, ವಿಡಿಯೊಗಳ ಮೂಲಕ ಕೇಳುಗರನ್ನು ಪಡೆದು, 2019ರಲ್ಲಿ ನೇರವಾಗಿ ಯುರೋಪ್ ಪ್ರವಾಸಕ್ಕೆ ಹೊರಟಿತು. ಆ ಆಗಸ್ಟಿನಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ ನಡೆಯುವ ಜಗತ್ಪ್ರಸಿದ್ಧ ಮೆಟಲ್ ಉತ್ಸವದಲ್ಲಿ ಹಾಡಿತು. ಆ ಪ್ರವಾಸದ ಹೆಸರು ‘ರಾಜ್ ಅಗೇನ್ಸ್ಟ್ ದ ಮಷೀನ್’. ಅಮೆರಿಕದ ಪ್ರಸಿದ್ಧ ತಂಡ ‘ರೇಜ್ ಅಗೇನ್ಸ್ಟ್ ದ ಮಷೀನ್’ ಹೆಸರಿನ ಮೇಲೆ ಮಾಡಿದ ಶ್ಲೇಷೆ ಅದು. ಮೊದಲ ಸ್ವಂತ ಆಲ್ಬಂ ‘ರಕ್ಷಕ್’ 2022ರ ಫೆಬ್ರವರಿ 18ರಂದು ಬಂತು. ಅದೇ ವರ್ಷ ಜಪಾನಿನ ಫುಜಿ ರಾಕ್ ಉತ್ಸವಕ್ಕೂ ಹೋದರು. ಅವರ ‘ದಾನಾ ದನ್’ ಹಾಡು 2024ರಲ್ಲಿ ದೇವ್ ಪಟೇಲ್ ನಿರ್ದೇಶನದ ‘ಮಂಕಿ ಮ್ಯಾನ್’ ಚಿತ್ರದಲ್ಲಿ ಬಳಕೆಯಾಯಿತು. 2025ರ ಮಾರ್ಚಿನಲ್ಲಿ ಎರಡನೇ ಆಲ್ಬಂ ‘ನು ಡೆಲ್ಲಿ’ ಬಂತು. ಊರಿನ ಹೆಸರು ಮತ್ತು ಪ್ರಕಾರದ ಹೆಸರು ಎರಡೂ ಒಂದೇ ಉಚ್ಚಾರದಲ್ಲಿ ಸೇರಿದ ಶೀರ್ಷಿಕೆ. ಅದರಲ್ಲಿ ‘ಬೇಖೌಫ್’ ಎಂಬ ಹಾಡನ್ನು ಜಪಾನಿನ ‘ಬೇಬಿಮೆಟಲ್’ ತಂಡದೊಂದಿಗೆ ಹಾಡಿದ್ದಾರೆ.

ಶೈಲಿಯ ಕಡೆಗೆ ಬಂದರೆ, ಬ್ಲಡಿವುಡ್‌ನ ಹಾಡಿನಲ್ಲಿ ಸ್ಪಷ್ಟವಾಗಿ ಬೇರೆ ಬೇರೆ ಮಾಡಿ ಕೇಳಬಹುದಾದ ಪದರಗಳಿವೆ. ತಳದಲ್ಲಿ ತಂತಿ ಸಡಿಲಿಸಿ ಶ್ರುತಿ ಇಳಿಸಿದ ಗಿಟಾರ್ ಮತ್ತು ಬಾಸ್. ಅದರ ಮೇಲೆ ಪಾಶ್ಚಾತ್ಯ ಡ್ರಮ್ಸ್ ಮತ್ತು ಪಂಜಾಬಿನ ಢೋಲ್ ಒಟ್ಟೊಟ್ಟಿಗೆ. ಅದಕ್ಕೂ ಮೇಲೆ ಕೊಳಲು, ಕೆಲವೆಡೆ ಒಂದೇ ತಂತಿಯ ತುಂಬಿ. ಧ್ವನಿಗಳಲ್ಲೂ ಮೂರು ಬಗೆ: ಜಯಂತ್ ಅವರ ಗಂಟಲಾಳದ ಗರ್ಜನೆ, ಅವರದೇ ಸ್ವಚ್ಛ ಕಂಠ, ರಾವುಲ್ ಅವರ ಇಂಗ್ಲಿಷ್ ರ‍್ಯಾಪ್. ಹಿಂದಿ, ಪಂಜಾಬಿ, ಇಂಗ್ಲಿಷ್ ಮೂರೂ ಒಂದೇ ಹಾಡಿನಲ್ಲಿ ಬರಬಹುದು. ಢೋಲ್‌ಗೆ ಎರಡು ಮುಖ, ದಪ್ಪ ಬಾಗಿದ ಕೋಲು ಬೀಳುವ ಮುಖದಿಂದ ಮಂದ್ರ ಸದ್ದು, ತೆಳು ಕಡ್ಡಿ ಬೀಳುವ ಮುಖದಿಂದ ತಾರ ಸದ್ದು. ನು-ಮೆಟಲ್‌ನಲ್ಲಿ ಗಿಟಾರೇ ತಾಳವಾದ್ಯವಾಗಿಬಿಟ್ಟಿರುವುದರಿಂದ ಢೋಲ್ ಅದಕ್ಕೆ ಹೊರಗಿನದಾಗಿ ಕೇಳುವುದಿಲ್ಲ. ಎರಡೂ ಒಂದೇ ಪೆಟ್ಟಿನ ಮೇಲೆ ಬೀಳುತ್ತವೆ. ಅಲಂಕಾರಕ್ಕೆಂದು ಒಂದು ದೇಸಿ ವಾದ್ಯವನ್ನು ಅಂಟಿಸಿದ ಬೆಸುಗೆ ಅದರಲ್ಲಿ ಕಾಣದಿರುವುದಕ್ಕೆ ಇದೇ ಕಾರಣವೆಂದು ನನ್ನ ಅನಿಸಿಕೆ.

ಒಬ್ಬ ವಿಜ್ಞಾನ ಶಿಕ್ಷಕರಿಗೆ ಈ ಪದರಗಳೇ ಸಿದ್ಧ ಬೋಧನೋಪಕರಣ. ಸಾಧಾರಣ ಗಿಟಾರಿನ ಅತ್ಯಂತ ದಪ್ಪ ತಂತಿಯ ಆವೃತ್ತಿ ಸುಮಾರು 82 ಹರ್ಟ್ಸ್. ಕಾರ್ನ್ ತಂಡ ಏಳು ತಂತಿಯ ಗಿಟಾರನ್ನು ಇನ್ನೂ ಇಳಿಸಿ 55 ಹರ್ಟ್ಸ್‌ಗೆ ತಂದಿತು. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಎಂದಿಟ್ಟುಕೊಂಡರೆ 55 ಹರ್ಟ್ಸ್‌ನ ತರಂಗದೂರ ಸುಮಾರು 6.25 ಮೀಟರ್. ನಾನು ಪಾಠ ಮಾಡಿದ ಕೊಠಡಿಯ ಅಗಲಕ್ಕಿಂತ ಅದು ಹೆಚ್ಚು. ಈ ಲೆಕ್ಕವನ್ನು ಕಪ್ಪುಹಲಗೆಯಲ್ಲಿ ಮಾಡಿ, ಅಳತೆಪಟ್ಟಿ ಹಿಡಿದು ಕೊಠಡಿಯನ್ನು ಅಳೆಸಿದಾಗ ತರಂಗದೂರ ಎಂಬ ಪದ ಮೊದಲ ಬಾರಿಗೆ ಮಕ್ಕಳಿಗೆ ಒಂದು ವಸ್ತುವಿನಂತೆ ಸಿಕ್ಕಿತು.

ಪಾಠಕ್ಕೆ ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದೆ. ಹಾಡಿನ ಮಾತಿಲ್ಲದ, ಕೊಳಲು, ಢೋಲ್, ಗಿಟಾರ್ ಮಾತ್ರ ಇರುವ ಸುಮಾರು 40 ಸೆಕೆಂಡಿನ ತುಣುಕನ್ನು ಆರಿಸಿದೆ. ಈ ತಂಡದ ಕೆಲವು ಹಾಡುಗಳ ಭಾಷೆ, ದೃಶ್ಯಗಳು ಆ ವಯಸ್ಸಿಗೆ ಹೊಂದುವುದಿಲ್ಲ. ಇಂಥ ಸಾಮಗ್ರಿ ಬಳಸುವವರು ಪೂರ್ತಿ ಕೇಳಿ, ನೋಡಿಯೇ ತುಣುಕು ಮಾಡಬೇಕು. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ರೂಪಿಸಿದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಒಂದು ಫೋನಿನಲ್ಲಿತ್ತು. ಅದು ಶಬ್ದದ ಅಲೆಯ ಆಕಾರವನ್ನೂ, ಅದರಲ್ಲಿ ಯಾವ ಯಾವ ಆವೃತ್ತಿಗಳಿವೆ ಎಂಬ ರೇಖಾಚಿತ್ರವನ್ನೂ ತೋರಿಸುತ್ತದೆ.

ಹಿಂದಿನ ದಿನ ಈ ಯೋಜನೆಯನ್ನು ತರಗತಿಗೆ ಹೇಳಿದ್ದೆ. ಸಂಜೆ ಒಬ್ಬ ವಿದ್ಯಾರ್ಥಿನಿ ಬಂದು, ತಮ್ಮ ಮನೆಯಲ್ಲಿ ವಾದ್ಯಸಂಗೀತ ಕೇಳುವ ರೂಢಿಯಿಲ್ಲ, ತಾನೂ ಕೇಳುವುದಿಲ್ಲ ಎಂದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ, ತಾನು ಪಾಠದಿಂದ ಹೊರಗೆ ಉಳಿಯಬೇಕಾಗುತ್ತದೆಯೇ ಎಂಬ ಆತಂಕವಿತ್ತು. ಉಳ್ಳಾಲದಂಥ ಊರಿನಲ್ಲಿ ಬ್ಯಾರಿ, ತುಳು, ಮಲಯಾಳಂ, ಕೊಂಕಣಿ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಓದುತ್ತಾರೆ. ಹಿತವೆಂಬುದಕ್ಕೆ ಪ್ರತಿ ಮನೆಗೂ ತನ್ನದೇ ಎಲ್ಲೆಯಿದೆ. ಆ ರಾತ್ರಿ ಪಾಠವನ್ನು ನಾಲ್ಕು ಮೇಜುಗಳ ಚಟುವಟಿಕೆಯಾಗಿ ಬದಲಿಸಿದೆ. ಒಂದು ಮೇಜಿನಲ್ಲಿ ಶ್ರುತಿಕವೆ, ಒಂದರಲ್ಲಿ ಸಮುದ್ರದ ಸದ್ದು, ಒಂದರಲ್ಲಿ ರೈಲು ಮತ್ತು ಮೀನುಗಾರಿಕಾ ದೋಣಿಯ ಎಂಜಿನ್, ಕೊನೆಯದರಲ್ಲಿ ಬ್ಲಡಿವುಡ್ ತುಣುಕು. ಕೊನೆಯ ಮೇಜು ಜಗಲಿಯಲ್ಲಿತ್ತು, ಅಲ್ಲಿಗೆ ಹೋಗುವುದು ಅವರವರ ಇಷ್ಟ. ಆ ಹುಡುಗಿ ಸಮುದ್ರದ ಮೇಜಿನ ನಾಯಕಿಯಾದಳು.

ಶ್ರುತಿಕವೆಯ ರೇಖಾಚಿತ್ರದಲ್ಲಿ ಒಂದೇ ಚೂಪಾದ ಶಿಖರ. ದೋಣಿಯ ಎಂಜಿನ್ನಿನಲ್ಲಿ ಸಮಾನ ಅಂತರದ ಹಲವು ಶಿಖರಗಳು, ಏಕೆಂದರೆ ಅದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತದೆ. ಬ್ಲಡಿವುಡ್‌ನ ಗಿಟಾರಿನಲ್ಲೂ ಅಂಥದೇ ಸಾಲು ಶಿಖರಗಳು ಕಂಡವು. ಗಿಟಾರಿನ ಸಂಕೇತವನ್ನು ಮಿತಿಮೀರಿ ವರ್ಧಿಸಿದಾಗ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಅದರಿಂದ ಮೂಲ ಆವೃತ್ತಿಯ ಗುಣಕಗಳು ಬಲಗೊಳ್ಳುತ್ತವೆ. 55 ಇದ್ದರೆ 110, 165, 220 ಹೀಗೆ. ಮೆಟಲ್‌ನ ಆ ಗರಗರ ಸದ್ದಿನ ಗುಟ್ಟು ಇಷ್ಟೇ. ಪುಸ್ತಕದ ‘ಗುಣ’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಲ್ಲೇ ಇನ್ನೊಂದು ಪ್ರಶ್ನೆ ಎದ್ದಿತು. ಫೋನಿನ ಪುಟ್ಟ ಸ್ಪೀಕರಿಗೆ ಇಷ್ಟು ಕೆಳಗಿನ ಆವೃತ್ತಿಯನ್ನು ಹೊರಡಿಸುವ ಶಕ್ತಿ ಇಲ್ಲ. ರೇಖಾಚಿತ್ರದಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿ. ಆದರೂ ಎಲ್ಲರಿಗೂ ಆ ಮಂದ್ರ ಸ್ಥಾಯಿ ಕೇಳುತ್ತದೆ! ಮೇಲಿನ ಶಿಖರಗಳ ನಡುವಿನ ಸಮಾನ ಅಂತರವನ್ನು ಹಿಡಿದು ನಮ್ಮ ಮಿದುಳು ಇಲ್ಲದ ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಕೇಳುವುದು ಕಿವಿಯೊಂದರ ಕೆಲಸವಲ್ಲ ಎಂಬುದನ್ನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಮಕ್ಕಳ ಮುಂದೆ ಪುರಾವೆಯಿತ್ತು.

ಸಮುದ್ರದ ಮೇಜಿನವರು ಸೋಮೇಶ್ವರ ಕಡಲ ದಡದಲ್ಲಿ ಧ್ವನಿಮುದ್ರಿಸಿದ ಅಲೆಗಳ ಮೊರೆತವನ್ನು ಪರೀಕ್ಷಿಸಿದರು. ಅದರಲ್ಲಿ ಶಿಖರಗಳೇ ಇರಲಿಲ್ಲ, ಎಲ್ಲ ಆವೃತ್ತಿಗಳೂ ಕಲಸಿಕೊಂಡು ಹರಡಿದ್ದವು. ಭೌತವಿಜ್ಞಾನದ ಕಟ್ಟುನಿಟ್ಟಿನ ಅರ್ಥದಲ್ಲಿ ಅದು ಗದ್ದಲ. ನಾಯಕಿ ಎದ್ದು ನಿಂತು, ‘ಗ್ರಾಫಿನ ಪ್ರಕಾರ ಸಮುದ್ರ ಗದ್ದಲ, ಆದರೆ ಭಾನುವಾರ ಜನ ಅದನ್ನು ಕೇಳಲಿಕ್ಕೇ ಬರುತ್ತಾರೆ, ಹಾಗಾದರೆ ಪುಸ್ತಕದ ಪ್ರಕಾರ ಅದು ಹಿತ’ ಎಂದಳು. ಉತ್ತರ ಬಂದದ್ದು ನನ್ನಿಂದಲ್ಲ, ಕಡಲಿಗೆ ತೀರ ಹತ್ತಿರ ಮನೆಯಿರುವ ಇನ್ನೊಬ್ಬ ಹುಡುಗನಿಂದ. ‘ಜೂನ್ ತಿಂಗಳಲ್ಲಿ ಆ ಸದ್ದು ಜೋರಾದರೆ ನಮ್ಮಲ್ಲಿ ಯಾರೂ ಮಲಗುವುದಿಲ್ಲ ಸರ್, ಸಾಮಾನು ಕಟ್ಟಿಡುತ್ತಾರೆ’ ಎಂದ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲ್ಕೊರೆತದ ಬಗ್ಗೆ ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಓದುತ್ತೇವೆ. ದಡಕ್ಕೆ ಸುರಿದ ಕಲ್ಲುಗಳನ್ನು ನೋಡಿದ್ದೇವೆ. ಅದು ಒಂದು ಪಠ್ಯಪುಸ್ತಕದ ವ್ಯಾಖ್ಯೆಯನ್ನು ಅಲುಗಾಡಿಸಬಲ್ಲದು ಎಂದು ನಾನು ಯೋಚಿಸಿರಲಿಲ್ಲ. ಆವೃತ್ತಿ ಅದೇ, ಪಾರ ಅದೇ, ಕೇಳುವವರ ಮನೆಯ ಗೋಡೆ ಎಲ್ಲಿದೆ ಎಂಬುದು ಮಾತ್ರ ಬೇರೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ಈಗ ಹಿಂದಿನ ಬೆಂಚಿನ ಒಬ್ಬ ಹುಡುಗನ ವಿಷಯ ಹೇಳಬೇಕು. ಡೆಸ್ಕ್ ಬಡಿಯುವವನು ಎಂದೇ ಶಾಲೆಯಲ್ಲಿ ಅವನ ಪರಿಚಯ. ಅವಧಿಯ ನಡುವೆ ಅವನ ಬೆರಳು ನಿಲ್ಲುವುದಿಲ್ಲ. ಅದಕ್ಕಾಗಿ ಅವನನ್ನು ಒಂಟಿಯಾಗಿ ಕೂರಿಸಿದ್ದರು. ಢೋಲ್‌ನ ತುಣುಕು ಕೇಳಿದ ಮೇಲೆ ಅವನು ಹೇಳಿದ ಮೊದಲ ಮಾತು, ‘ಇದು ನಮ್ಮ ತಾಸೆಯ ಹಾಗೆಯೇ, ಆದರೆ ತಾಸೆಗೆ ಒಂದೇ ಮುಖ’. ನವರಾತ್ರಿಯಲ್ಲಿ ಹುಲಿವೇಷದ ತಂಡದೊಂದಿಗೆ ಅವನು ತಾಸೆ ಬಾರಿಸಲು ಹೋಗುತ್ತಾನಂತೆ. ತಾಸೆಯ ಸ್ಥಾಯಿ ಯಾವುದರಿಂದ ಬದಲಾಗುತ್ತದೆ ಎಂದು ಕೇಳಿದೆ. ಚರ್ಮದ ತಾಸೆ ಮಳೆಯ ತೇವಕ್ಕೆ ಸಡಿಲವಾಗಿ ಮಂಕಾಗುತ್ತದೆ, ಆಗ ಬೆಂಕಿಯ ಬಿಸಿಗೆ ಹಿಡಿದರೆ ಬಿಗಿಯಾಗಿ ‘ಚುರುಕು’ ಬರುತ್ತದೆ, ಹೆಚ್ಚು ಹೊತ್ತು ಹಿಡಿದರೆ ಒಡೆಯುತ್ತದೆ ಎಂದ. ಕರ್ಷಣ ಹೆಚ್ಚಿದರೆ ಆವೃತ್ತಿ ಹೆಚ್ಚುತ್ತದೆ ಎಂಬುದನ್ನು ನಾನು ಯಾವ ಸೂತ್ರದಿಂದ ಹೇಳಬೇಕೆಂದುಕೊಂಡಿದ್ದೆನೋ ಅದನ್ನು ಅವನು ಬೆಂಕಿಯ ಮುಂದೆ ನಿಂತು ಕಲಿತಿದ್ದ.

ಅಲ್ಲಿಂದ ಚರ್ಚೆ ಸಿ. ವಿ. ರಾಮನ್ ಕಡೆಗೆ ತಿರುಗಿತು. ರಾಮನ್ ಪರಿಣಾಮಕ್ಕೆ ಮೊದಲು ರಾಮನ್ ಬಹಳ ಕೆಲಸ ಮಾಡಿದ್ದು ವಾದ್ಯಗಳ ಮೇಲೆ. ಶಿವಕಾಳಿ ಕುಮಾರ್ ಜೊತೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಭಾರತೀಯ ತಾಳವಾದ್ಯಗಳ ಬಗ್ಗೆ ಬರೆದರು. ಸಾಮಾನ್ಯ ಚರ್ಮವಾದ್ಯದ ಮೇಲ್ಸ್ವರಗಳು ಮೂಲ ಸ್ವರದ ಪೂರ್ಣಾಂಕ ಗುಣಕಗಳಾಗಿರುವುದಿಲ್ಲ. ಆದ್ದರಿಂದ ಅವುಗಳಿಗೆ ಖಚಿತ ಸ್ಥಾಯಿ ಕೇಳುವುದಿಲ್ಲ. ಆದರೆ ಮೃದಂಗ, ತಬಲಾಗಳ ನಡುವೆ ಹಚ್ಚುವ ಕಪ್ಪು ಲೇಪ ಚರ್ಮದ ಕಂಪನವನ್ನು ತಿದ್ದಿ ಮೇಲ್ಸ್ವರಗಳನ್ನು ಗುಣಕಗಳ ಸಾಲಿಗೆ ತರುತ್ತದೆ ಎಂದು ಅವರು ತೋರಿಸಿದರು. ಯಕ್ಷಗಾನದ ಮದ್ದಳೆಯ ಬಲಮುಖದಲ್ಲಿರುವ ಕರಣೆಯೂ ಇದೇ ಕೆಲಸ ಮಾಡುತ್ತದೆ. ಚೆಂಡೆಗೆ, ತಾಸೆಗೆ ಆ ಲೇಪವಿಲ್ಲ. ‘ಹಾಗಾದರೆ ಮದ್ದಳೆ ಸಂಗೀತ, ಚೆಂಡೆ ಗದ್ದಲವಾ?’ ಎಂದು ಒಬ್ಬಳು ಕೇಳಿದಳು. ಯಕ್ಷಗಾನ ನೋಡುವ ಮನೆಯ ಮಕ್ಕಳಿಂದ ಅದಕ್ಕೆ ತೀವ್ರ ಪ್ರತಿಭಟನೆ ಬಂತು. ಚೆಂಡೆಯ ಒಂದು ಪೆಟ್ಟಿಗೆ ಖಚಿತ ಸ್ಥಾಯಿ ಇಲ್ಲದಿರಬಹುದು, ಆದರೆ ಪೆಟ್ಟುಗಳ ನಡುವಿನ ಕಾಲಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಕ್ರಮವನ್ನು ಆವೃತ್ತಿಯಲ್ಲಿ ಮಾತ್ರ ಹುಡುಕಬಾರದು, ತಾಳದಲ್ಲೂ ಹುಡುಕಬೇಕು ಎಂಬ ತೀರ್ಮಾನಕ್ಕೆ ತರಗತಿ ಬಂತು. ಬ್ಲಡಿವುಡ್ ಮೇಜಿನವರು ತಮ್ಮ ಅವಲೋಕನ ಹಾಳೆಯಲ್ಲಿ ಬರೆದದ್ದೂ ಇದನ್ನೇ: ‘ಮೊದಲು ಜಗಳದ ಹಾಗೆ ಕೇಳಿತು, ಮೂರನೇ ಸಲ ಎಣಿಸಲಿಕ್ಕೆ ಬಂತು’.

ಪಾಠದ ಎರಡನೇ ಅವಧಿಯ ಕೊನೆಗೆ ಕಪ್ಪುಹಲಗೆಯಲ್ಲಿ ಗದ್ದಲದ ಮೂರು ಅರ್ಥಗಳು ಉಳಿದವು. ಭೌತವಿಜ್ಞಾನಕ್ಕೆ ಗದ್ದಲವೆಂದರೆ ಕ್ರಮವಿಲ್ಲದ ಕಂಪನ. ಪಠ್ಯಪುಸ್ತಕಕ್ಕೆ ಹಿತವಾಗದ ಶಬ್ದ. ಕಾನೂನಿಗೆ ಡೆಸಿಬೆಲ್ ಸಂಖ್ಯೆ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಮಿತಿ ಹಗಲು 50, ರಾತ್ರಿ 40. ಈ ಅಂಕಿಗಳಿಗೆ ರಾಗ ಯಾವುದು, ಭಾಷೆ ಯಾವುದು, ಯಾವ ಧರ್ಮದ್ದು ಎಂಬ ಭೇದವಿಲ್ಲ. ಸುಮಧುರ ಕೊಳಲೂ ಧ್ವನಿವರ್ಧಕದಲ್ಲಿ ಮಿತಿ ದಾಟಿದರೆ ಮಾಲಿನ್ಯವೇ. ಇಯರ್‌ಫೋನ್ ಬಳಸುವ ಮಕ್ಕಳಿಗೆ ಇನ್ನೊಂದು ಅಂಕಿ ಹೇಳಿದೆ: ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ ಎಂಬ ಮಿತಿ ಸೂಚಿಸಿದೆ. ಮೆಟಲ್ ಕೇಳುವವರಿಗೂ ಭಾವಗೀತೆ ಕೇಳುವವರಿಗೂ ಮಿತಿ ಒಂದೇ.

ನನ್ನ ಪಾಠವನ್ನು ಅವಲೋಕಿಸಿದ ಸಹ ಪ್ರಶಿಕ್ಷಣಾರ್ಥಿಯ ಹಾಳೆಯಲ್ಲಿ ‘ತರಗತಿ ನಿರ್ವಹಣೆ’ ಎಂಬ ಅಂಕಣದ ಎದುರು ‘ಗದ್ದಲವಿತ್ತು’ ಎಂದು ಬರೆದಿತ್ತು. ಅದನ್ನು ಓದಿ ನಾವಿಬ್ಬರೂ ನಕ್ಕೆವು, ಆಮೇಲೆ ಅದನ್ನೇ ಗಂಭೀರವಾಗಿ ಚರ್ಚಿಸಿದೆವು. ನಮ್ಮ ಅವಲೋಕನ ಹಾಳೆಗಳಲ್ಲಿ ಗದ್ದಲ ಎಂಬ ಪದವನ್ನು ನಾವು ಯಾವ ಅರ್ಥದಲ್ಲಿ ಬಳಸುತ್ತೇವೆ? ನಾಲ್ಕು ಮೇಜಿನ ಮಕ್ಕಳು ಒಟ್ಟಿಗೆ ಮಾತಾಡುವಾಗ ಹಿಂದೆ ಕೂತವರಿಗೆ ಕೇಳುವುದು ಎಲ್ಲ ಆವೃತ್ತಿಗಳ ಕಲಸು. ಮೇಜಿನ ಹತ್ತಿರ ಹೋದರೆ ಅದು ವಾದ, ಎಣಿಕೆ, ಅಳತೆ. ನೇರ ದೂರು ಇರುವ ಗದ್ದಲವೂ ಇರುತ್ತದೆ, ಒಬ್ಬ ಮಗು ಇನ್ನೊಬ್ಬರ ಕಲಿಕೆಯನ್ನು ಕೆಡಿಸುವಂಥದ್ದು. ಅವೆರಡನ್ನೂ ಬೇರೆ ಮಾಡಲು ದೂರದಿಂದ ಆಗುವುದಿಲ್ಲ. ಅಂಕಣದ ಪಕ್ಕದಲ್ಲಿ ‘ಯಾವ ಮೇಜು, ಏನು ಮಾತು’ ಎಂದು ಬರೆಯುವ ಜಾಗವಿದ್ದರೆ ಒಳ್ಳೆಯದೆಂದು ನಾವು ನಮ್ಮ ಗುಂಪಿನಲ್ಲಿ ಒಪ್ಪಿಕೊಂಡೆವು, ಮುಂದಿನ ಎರಡು ವಾರ ಹಾಗೆಯೇ ಬರೆದೆವು.

ಬ್ಲಡಿವುಡ್‌ನ ಹಾಡುಗಳ ವಸ್ತುವನ್ನು ನಾನು ತರಗತಿಯಲ್ಲಿ ಬಳಸಲಿಲ್ಲ. ಕಿರುಕುಳ, ಖಿನ್ನತೆಗಳ ಬಗ್ಗೆ ಹದಿನಾಲ್ಕು ವರ್ಷದವರ ಜೊತೆ ಮಾತಾಡಲು ಬೋಧನಾಭ್ಯಾಸದ ಕೆಲವು ವಾರಗಳ ಪರಿಚಯ ಸಾಲದು. ಮಾತು ಎದ್ದಮೇಲೆ ಜೊತೆಗಿರುವ ಹೊಣೆ ಬೇಕು, ನಾವು ಹೊರಟು ಹೋಗುವವರು. ಆದರೆ ನು-ಮೆಟಲ್ ಯಾಕೆ ಆ ವಯಸ್ಸನ್ನು ಹಿಡಿಯುತ್ತದೆ ಎಂಬುದು ಶಿಕ್ಷಕರಾಗುವವರು ಯೋಚಿಸಬೇಕಾದ ವಿಷಯ. ಶಾಲೆಯಲ್ಲಿ ಜೋರಾಗಿ ಹೇಳಲಾಗದ್ದನ್ನು ಆ ಸಂಗೀತ ಜೋರಾಗಿ ಹೇಳುತ್ತದೆ, ಅದೂ ತಾಳಕ್ಕೆ ಕಟ್ಟಿ. ಹೊರಗಿನವರಿಗೆ ಚೀರಾಟವಾಗಿ ಕೇಳುವುದು ಒಳಗಿರುವವರಿಗೆ ಒಬ್ಬ ಜೊತೆಗಾರನ ದನಿಯಾಗಿರಬಹುದು. ಮಗು ಇಯರ್‌ಫೋನಿನಲ್ಲಿ ಏನು ಕೇಳುತ್ತಿದೆ ಎಂದು ಬೈಯುವ ಮೊದಲು ಒಮ್ಮೆ ಕೇಳಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ಮೌಲ್ಯಮಾಪನ. ಘಟಕ ಪರೀಕ್ಷೆಯಲ್ಲಿ ‘ಸಂಗೀತ ಮತ್ತು ಗದ್ದಲಗಳಿಗಿರುವ ವ್ಯತ್ಯಾಸವೇನು?’ ಎಂಬ ಎರಡು ಅಂಕದ ಪ್ರಶ್ನೆ ಇತ್ತು. ಹಿತ, ಅಹಿತ ಎಂದು ಬರೆದರೆ ಪೂರ್ತಿ ಅಂಕ ಎಂದು ಮಾದರಿ ಉತ್ತರ ಹೇಳುತ್ತದೆ. ಮುಂದೆ ಬೋರ್ಡ್ ಪರೀಕ್ಷೆ ಬರೆಯುವ ಮಕ್ಕಳಿಗೆ ಪುಸ್ತಕದ ಉತ್ತರ ಗೊತ್ತಿರಲೇಬೇಕು, ಅದನ್ನು ನಾನು ಸ್ಪಷ್ಟವಾಗಿಯೇ ಹೇಳಿದ್ದೆ. ಹೆಚ್ಚಿನವರು ಪುಸ್ತಕದ ಸಾಲು ಬರೆದು, ಕೆಳಗೆ ತಮ್ಮದೊಂದು ಸಾಲು ಸೇರಿಸಿದ್ದರು. ಡೆಸ್ಕ್ ಬಡಿಯುವ ಹುಡುಗ ಪುಸ್ತಕದ ಸಾಲನ್ನು ಬರೆದಿರಲಿಲ್ಲ. ‘ಎಣಿಸಲಿಕ್ಕೆ ಬರುವುದು ಸಂಗೀತ, ಬಾರದ್ದು ಗದ್ದಲ, ಆದರೆ ಬಾರದವರು ಕಲಿತರೆ ಬರಬಹುದು’ ಎಂದು ಬರೆದು, ಪಕ್ಕದಲ್ಲಿ ಒಂದು ಕ್ರಮಬದ್ಧ ಅಲೆ, ಒಂದು ಕ್ರಮವಿಲ್ಲದ ಅಲೆಯ ಚಿತ್ರ ಬಿಡಿಸಿದ್ದ. ಶಾಲೆಯ ವಿಷಯ ಶಿಕ್ಷಕರಿಗೆ ಉತ್ತರ ಪತ್ರಿಕೆ ತೋರಿಸಿದೆ. ಅವರು ಎರಡು ಸಲ ಓದಿ, ಎರಡು ಅಂಕ ಕೊಡಬಹುದು, ಆದರೆ ಪುಸ್ತಕದ ವಾಕ್ಯವನ್ನೂ ಬರೆಯಲು ಅವನಿಗೆ ಹೇಳಿ ಎಂದರು. ಎರಡೂ ಅಂಕ ಕೊಟ್ಟೆ, ಪುಸ್ತಕದ ವಾಕ್ಯವನ್ನು ಅಂಚಿನಲ್ಲಿ ಬರೆದು ಪತ್ರಿಕೆಯನ್ನು ಅವನ ಕೈಗೆ ಕೊಟ್ಟೆ.